ಒಪ್ಪಿಗೆಗೆ ಕಾದ ಪದಗಳು

ಭೇರ್ಯದ ಬಸ್ ಸ್ಟ್ಯಾಂಡಿನ ಎದುರು ಸರ್ವಮಂಗಳಳದ್ದೊಂದು ಜೆರಾಕ್ಸ್ ಅಂಗಡಿ. ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದ ವರ್ಷ ಮೈಸೂರಿನಿಂದ ಒಂದು ಹಳೆಯ ಕಂಪ್ಯೂಟರ್ ತಂದು ಶುರು ಮಾಡಿದ್ದು. ಮಾರಿದವನು ಅದರೊಳಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕೊಟ್ಟಿದ್ದ. "ಇದು ಪುಕ್ಕಟೆ ಮೇಡಂ. ಯಾರ್ಯಾರೋ ಎಲ್ಲೆಲ್ಲೋ ಕೂತ್ಕೊಂಡು, ಎಲ್ರೂ ಸೇರಿ ಮಾಡಿರೋದು" ಎಂದಷ್ಟೇ ಹೇಳಿದ್ದ.

ಭಾಷೆ ಕನ್ನಡ ಎಂದು ಆರಿಸಿದರೆ ಪರದೆಯ ಮೇಲೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬರುತ್ತಿತ್ತು. 'ಉಳಿಸು' ಎಂದಿರಬೇಕಾದ ಕಡೆ 'ಊಳಿಸು' ಎಂದಿತ್ತು. ಅದು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಯಾರಿಗೆ ಹೇಳುವುದೆಂದು ಹುಡುಕುತ್ತಾ ಹೋದವಳಿಗೆ ಒಂದು ವೆಬ್‌ಸೈಟ್ ಸಿಕ್ಕಿತು. ಪರದೆಯ ಮೇಲೆ ಕಾಣುವ ಪ್ರತಿಯೊಂದು ಮಾತೂ ಅಲ್ಲಿ ಸಾಲುಸಾಲಾಗಿತ್ತು. ಯಾರು ಬೇಕಾದರೂ ತಿದ್ದಬಹುದಿತ್ತು. ಕನ್ನಡ ನೋಡಿಕೊಳ್ಳುವವರು ಒಪ್ಪಿದರೆ ಮುಂದಿನ ಆವೃತ್ತಿಯಲ್ಲಿ ಅದೇ ಮಾತು ಎಲ್ಲರ ಪರದೆಗೂ ಹೋಗುತ್ತಿತ್ತು. ಅವಳು 'ಮಂಗಳ' ಎಂಬ ಹೆಸರಿನಲ್ಲಿ ಸೇರಿಕೊಂಡು ಆ ದೀರ್ಘವನ್ನು ತೆಗೆದಳು. ಮರುದಿನ ಕೆಳಗೊಂದು ಉತ್ತರ ಬಂದಿತ್ತು: "ಒಪ್ಪಿದೆ. ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇನ್ನೂ ತಿದ್ದಿ. ಶಶಿ."

ಇನ್ನೂ ತಿದ್ದಿದಳು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದೇ ಅವಳ ಕೆಲಸವಾಯಿತು. 'ನಾನು ನೋಡಿದೆ' ಎಂದು ಬರೆದರೆ ಬರೆದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಬಹಳ ಕಾಲ ಶಶಿಯನ್ನು ಹೆಂಗಸೆಂದೇ ಅವಳು ತಿಳಿದಿದ್ದಳು. "ಒಂದು ವಾರ ಸಿಗುವುದಿಲ್ಲ. ನಮ್ಮ ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪಿನ ಕೆಲಸ, ಜೊತೆಗೆ ಹೆಂಡತಿ ಬಾಣಂತಿ" ಎಂದು ಒಮ್ಮೆ ಬಂದಾಗ ಎರಡು ವಿಷಯ ಒಟ್ಟಿಗೇ ಗೊತ್ತಾದವು. ಶಶಿ ಗಂಡಸು, ಮದುವೆಯಾದವನು. ಅವತ್ತು ಅವಳು ಅಂಗಡಿಯನ್ನು ಬೇಗ ಮುಚ್ಚಿದಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಜಗಳವೂ ಆಗುತ್ತಿತ್ತು. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ 'ಅನ್‌ಡೂ'ಗೆ ಅವಳು 'ಹಿಂದಿನಂತೆ ಮಾಡು' ಎಂದು ಬರೆದಳು. ಅಷ್ಟುದ್ದ ಬಟನ್ನಿನೊಳಗೆ ಹಿಡಿಯುವುದಿಲ್ಲ ಎಂದ ಶಶಿ. "ಹಾಗಾದರೆ ಬಟನ್ ಅಗಲ ಮಾಡಿಸಿ. ಮಾತನ್ನು ಯಾಕೆ ಕತ್ತರಿಸುತ್ತೀರಿ?" ಎಂದು ಇವಳು ಸಿಟ್ಟಿನಲ್ಲಿ ಬರೆದಳು. ಅವನು ನಿಜವಾಗಿಯೂ ಯಾವುದೋ ದೇಶದಲ್ಲಿದ್ದ ಪ್ರೋಗ್ರಾಮರ್‌ಗೆ ಬರೆದು ಕೇಳಿದ. ಮುಂದಿನ ಆವೃತ್ತಿಯಲ್ಲಿ ಬಟನ್ ಅಗಲವಾಗಿ ಬಂತು. ಸರ್ವಮಂಗಳ ಮೌಸ್‌ನಿಂದ ಅದನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಅವಳಿಗಾಗಿ ಅದುವರೆಗೆ ಯಾರೂ ಏನನ್ನೂ ಅಗಲ ಮಾಡಿಕೊಟ್ಟಿರಲಿಲ್ಲ.

ಫೋನ್ ನಂಬರ್ ಅವನು ಕೇಳಲಿಲ್ಲ, ಇವಳು ಕೊಡಲಿಲ್ಲ.

ಹೀಗೇ ನಡೆಯುತ್ತಿದ್ದಾಗ, ಕಳೆದ ಬೇಸಿಗೆಯಲ್ಲಿ, ಯಾರೋ ಹೊಸ ಸದಸ್ಯರು ಸಾವಿರಾರು ಸಾಲುಗಳನ್ನು ಯಂತ್ರದಿಂದ ಅನುವಾದ ಮಾಡಿಸಿ ಒಟ್ಟಿಗೇ ಸುರಿದರು. ಎಲ್ಲವನ್ನೂ ನಡೆಸುವವರು ಕನ್ನಡ ಓದಲು ಬಾರದ ದೂರದವರು. ಕನ್ನಡ ನೂರಕ್ಕೆ ನೂರು ಮುಗಿಯಿತೆಂದು ಸಂತೋಷದಿಂದ ಸೇರಿಸಿಕೊಂಡರು. ಶಶಿ, ಮಂಗಳ ಕೂಡಿಸಿಟ್ಟಿದ್ದ ಮಾತುಗಳ ಮೇಲೆ ಇವು ಬಂದು ಕುಳಿತವು. ಮೌಸ್ ಇಲಿಯಾಯಿತು. ಒಂದು ಪ್ರೋಗ್ರಾಮ್ ಹುಟ್ಟಿಸಿದ ಇನ್ನೊಂದನ್ನು ನಿಲ್ಲಿಸುವ ಕಡೆ 'ಮಗುವನ್ನು ಕೊಲ್ಲು' ಎಂದು ಬಂತು. ಸರ್ವಮಂಗಳ ಒಂದೊಂದನ್ನೇ ತಿದ್ದತೊಡಗಿದಳು. ಒಪ್ಪುವವರೇ ಇರಲಿಲ್ಲ. ಶಶಿಯ ಹೆಸರು ಎಲ್ಲೂ ಕಾಣಿಸಲಿಲ್ಲ. ಕೇಳಿದ ಪ್ರಶ್ನೆಗಳ ಕೆಳಗೆ ಖಾಲಿ ಜಾಗ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ದೇವರಿಗೆ ಊದುಕಡ್ಡಿ ಹಚ್ಚುವ ಮೊದಲು ಆ ಪುಟ ನೋಡುವಳು. ಮಳೆ ಶುರುವಾಯಿತು, ಆಷಾಢ ಕಳೆಯಿತು. ಶ್ರಾವಣದ ಒಂದು ಭಾನುವಾರ ಹುಣಸೂರಿನಲ್ಲಿ ಕೆಲಸವಿದೆಯೆಂದು ಅತ್ತಿಗೆಗೆ ಹೇಳಿ ಬಸ್ಸು ಹತ್ತಿದಳು.

ಹುಣಸೂರಿನ ಹತ್ತಿರದ ಕಟ್ಟೆಮಳಲವಾಡಿಯಲ್ಲಿ ಇಳಿದು ಕೇಳಿದಾಗ ಕಂಪ್ಯೂಟರ್ ಶಶಿಯ ಬ್ಯಾರನ್ ಯಾವುದೆಂದು ಜನ ಕೈ ತೋರಿಸಿದರು. ಹೊಗೆಸೊಪ್ಪು ಬೇಯಿಸುವ ಎತ್ತರದ ಗೋಡೆಯ ಮನೆ. ಮುಂದಿನ ಚಪ್ಪರದಲ್ಲಿ ಹೆಂಗಸೊಬ್ಬಳು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದವನು ತಿರುಗಿ ನೋಡಿದ. ತೆಳ್ಳಗಿನ ಮನುಷ್ಯ, ಕನ್ನಡಕದ ತುಂಬ ಮಸಿ.

"ಯಾರ್ ಬೇಕಿತ್ರೀ?"

"ನಾನು ಭೇರ್ಯದೋಳು... ಮಂಗಳ."

ಅವನು ಎದ್ದು ನಿಂತು ಅಂಗೈಗಳನ್ನು ಲುಂಗಿಗೆ ಒರೆಸಿಕೊಂಡ. ಸೊಪ್ಪು ಕಟ್ಟುತ್ತಿದ್ದ ಅವನ ಹೆಂಡತಿ ರಾಧಾಳೇ ನಕ್ಕು ಎದ್ದು ಬಂದಳು.

"ನೀವೇನಾ ಮಂಗ್ಳಾ ಮೇಡಂ! ಉಣ್ಣಾಕ್ ಕುಂತ್ರೂ ನಿಮ್ದೇ ಮಾತು ಕಣ್ರೀ ಇವ್ರ್ದು. 'ಅವ್ರು ಒಪ್ತಾ ಇಲ್ಲ ಕಣೇ' ಅಂತ ಅನ್ನ ಕಲಸ್ಕೊಂಡು ಅಂಗೇ ಕುಂತಿರೋರು. ನಾನು ಯಾರೋ ದೊಡ್ಡ ಟೀಚರ್ ಅನ್ಕೊಂಡಿದ್ದೆ. ಕೂತ್ಕಳಿ, ಟೀ ತತ್ತೀನಿ."

ರಾಧಾ ಮನೆಯತ್ತ ಹೋದಳು. ಉರಿ ಇಳಿದರೆ ಸೊಪ್ಪು ಕೆಡುತ್ತದೆಂದು ಶಶಿ ಮತ್ತೆ ಒಲೆಯ ಮುಂದೆ ಕುಳಿತ. ಸರ್ವಮಂಗಳ ಸ್ವಲ್ಪ ದೂರದಲ್ಲಿ ಸೌದೆಯ ರಾಶಿಯ ಮೇಲೆ ಕುಳಿತಳು. ಇಷ್ಟು ವರ್ಷ ಬರೆದುಕೊಂಡವರಿಗೆ ಬಾಯಿ ತೆಗೆಯುವುದು ಕಷ್ಟವಾಗಿತ್ತು.

"ಆ ತಪ್ಪೆಲ್ಲಾ ಇನ್ನೂ ಅಂಗೇ ಅವಾ?" ಎಂದು ಕೊನೆಗೆ ಅವನೇ ಕೇಳಿದ.

"ಒಂದೊಂದೇ ತಿದ್ದಿದೀನಿ. ಒಪ್ಪೋರಿಲ್ಲ."

"ನಾನು ಬರಲ್ಲ ಮೇಡಂ. ಕೋಪ ಏನಿಲ್ಲ ಬುಡಿ. ಕಟ್ಟಿದ್ ಮನೆ ಒಂದ್ಸಲ ಬಿದ್ದೋದ್ರೆ ಎರಡ್ನೇ ಸಲ ಕಟ್ಟಾಕೆ ಕೈ ಬರಲ್ಲ."

ಅವನು ಫೋನ್ ತೆಗೆದು ಅಲ್ಲೇ, ಅವಳೆದುರೇ, ನಡೆಸುವವರಿಗೆ ಬರೆದ. ಇನ್ನು ಮೇಲೆ ಕನ್ನಡ ನೋಡಿಕೊಳ್ಳುವವರು ಮಂಗಳ, ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು. ಬರೆದದ್ದನ್ನು ಅವಳಿಗೆ ಓದಿ ಹೇಳಿದ. ಅವಳು ತಲೆಯಾಡಿಸಿದಳು. ಕೇಳದೆಯೇ ಕೈಗೆ ಬಂದದ್ದು ಅದು. ಕೇಳಲೆಂದು ಬಂದದ್ದು ಬೇರೆ.

"ಯಾವಾಗಾದ್ರೂ... ಒಂದೋ ಎರಡೋ ಸಾಲು ನೋಡ್ತೀರಾ? ನಾನ್ ಬರೆದಿರೋದು?"

ಶಶಿ ಒಲೆಗೆ ಇನ್ನೊಂದು ಸೌದೆ ತಳ್ಳಿದ.

"ನೋಡಿದ್ರೆ ಬುಡೋಕಾಗಲ್ಲ ಕಣ್ರೀ. ಅದ್ಕೇ ನೋಡಲ್ಲ."

ರಾಧಾ ಟೀ ತಂದಳು. ಮಗು ಅವಳ ಸೆರಗು ಹಿಡಿದು ಬಂದಿತ್ತು. ಊಟ ಮಾಡಿಕೊಂಡೇ ಹೋಗಬೇಕೆಂದು ರಾಧಾ ಬಲವಂತ ಮಾಡಿದಳು. ಮುದ್ದೆ, ಅವರೆಕಾಳಿನ ಸಾರು. ಸರ್ವಮಂಗಳ ಹೊಟ್ಟೆ ತುಂಬ ಉಂಡಳು. ಆ ಮನೆಯ ಯಾರ ಮೇಲೂ ಅವಳಿಗೆ ಮುನಿಸು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೋ ಏನೋ. ಬಸ್ಸಿನವರೆಗೆ ರಾಧಾಳೇ ಬಂದಳು. ಉರಿ ಬಿಟ್ಟು ಬರುವ ಹಾಗಿರಲಿಲ್ಲವಾದ್ದರಿಂದ ಶಶಿ ಒಲೆಯ ಮುಂದೆಯೇ ಉಳಿದ.

ನಡೆಸುವವರು ಒಪ್ಪುವ ಅಧಿಕಾರವನ್ನು ಅವಳಿಗೇ ಕೊಟ್ಟರು. ಚಳಿಗಾಲದ ಹೊತ್ತಿಗೆ ಕನ್ನಡ ಮತ್ತೆ ಓದುವಂತಾಯಿತು. ಹೊಸ ಆವೃತ್ತಿ ಬಂದ ದಿನ ಸರ್ವಮಂಗಳ ಅದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿದಳು. ಅನುವಾದಕರ ಪುಟದಲ್ಲಿ ಶಶಿಯ ಹೆಸರನ್ನು ತನ್ನ ಹೆಸರಿಗಿಂತ ಮೇಲೆ ಬರೆದಿದ್ದಳು. ಯಾರಿಗಾದರೂ ತೋರಿಸಬೇಕೆನಿಸಿತು. ಪಹಣಿ ಜೆರಾಕ್ಸ್ ಮಾಡಿಸಲು ಬಂದಿದ್ದ ಪುಟ್ಟಮಲ್ಲಪ್ಪನಿಗೆ ಪರದೆ ತಿರುಗಿಸಿ ತೋರಿಸಿದಳು.

"ಎಲ್ಲಾ ಕನ್ನಡದಾಗೇ ಐತೆ ಕಣವ್ವಾ!" ಎಂದು ಆತ ಮೆಚ್ಚಿ, ಕಾಗದ ಮಡಚಿಕೊಂಡು ಹೋದ.

ಆಮೇಲೆ ಅವಳು ಹೊಸ ಸಾಲುಗಳನ್ನು ತೆರೆದಳು. ಒಂದು ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ಪದಗಳು ಹೊಳೆದವು. ಎರಡೂ ಸರಿ, ಎರಡರಲ್ಲೂ ಏನೋ ಕೊರತೆ. ಮೊದಲಾಗಿದ್ದರೆ ಇಂಥದ್ದಕ್ಕೇ ಶಶಿಯೊಡನೆ ಮೂರು ದಿನ ವಾದ ನಡೆಯುತ್ತಿತ್ತು. ಸರ್ವಮಂಗಳ ಒಂದನ್ನು ಬರೆದಳು, ಅಳಿಸಿದಳು, ಇನ್ನೊಂದನ್ನು ಬರೆದಳು. ಹೊರಗೆ ಹುಣಸೂರಿನ ಬಸ್ಸು ಬಂದು ನಿಂತು, ಜನರನ್ನು ಹತ್ತಿಸಿಕೊಂಡು ಹೊರಟಿತು. ಅವಳು ಬರೆದ ಪದವನ್ನು ಮತ್ತೊಮ್ಮೆ ಓದಿಕೊಂಡು, ಒಬ್ಬಳೇ ಒಪ್ಪಿದಳು.