ದಿಡ್ಡಿಬಾಗಿಲ ಮನೆಯವಳು

ಹೆಣ ಕೂರಿಸಿದ ವಿಮಾನದ ಬಿದಿರು ಕೋಟೆಯ ದಿಡ್ಡಿಬಾಗಿಲಿನ ಮೇಲುಗಲ್ಲಿಗೆ ಬಡಿದು ಕರಕ್ಕೆಂದಿತು. ಹೊತ್ತ ನಾಲ್ವರೂ ಹಿಂದೆ ಸರಿದರು. ಅದರೊಳಗೆ ಶಿವರುದ್ರಮ್ಮ ಹಣೆತುಂಬ ವಿಭೂತಿ ಧರಿಸಿ ನೆಟ್ಟಗೆ ಕೂತಿದ್ದಳು. ಎದೆಗೆ ಸುತ್ತಿ ಹಲಗೆಗೆ ಕಟ್ಟಿದ್ದ ಬಿಳಿಪಂಚೆ ಆ ಗೂನುಬೆನ್ನನ್ನು ಹಿಡಿದು ನಿಲ್ಲಿಸಿತ್ತು.

"ಬಿದಿರು ಕಳಚಿ, ಪಂಚೆ ಬಿಚ್ರಲಾ," ಎಂದ ಊರಹಿರಿಯ ನಂಜುಂಡಪ್ಪ. "ತಲೆ ಒಸಿ ಬಾಗ್ಸಿದ್ರೆ ದಾಟ್ತದೆ. ಇವಳ ಅತ್ತೇನೂ ಹಂಗೇ ದಾಟ್ಸಿದ್ವಿ."

"ಹೆಬ್ಬಾಗ್ಲಲ್ಲಿ ಹೋದ್ರೆ ಏನಾಯ್ತದೆ ತಾತ?" ಮೊಮ್ಮಗಳು ಸರ್ವಮಂಗಳ ಕೇಳಿದಳು.

"ಕೋಟೆ ಕಳೆದ ಮನೆ ಕಣವ್ವ ನಿಮ್ದು. ಹೆಬ್ಬಾಗ್ಲು ನಿಮಗಿಲ್ಲ."

ಅಮ್ಮಸಂದ್ರದ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ ಮಗ ತೋಂಟದಾರ್ಯ ನೆಲ ನೋಡುತ್ತ ಹೇಳಿದ: "ಬಿಚ್ಚಿ ಮಾವ. ಹೊತ್ತಾಯ್ತು."

\*

ಸೋಗೆ ಹೆಣೆಯುತ್ತ ಅಜ್ಜಿ ಹೇಳುತ್ತಿದ್ದ ಕತೆ ಒಂದೇ. ಪಾಳೇಗಾರನ ಗಡಿಯ ಈ ಮಣ್ಣಿನ ಕೋಟೆಯನ್ನು ಕುದುರೆದಂಡು ನಲವತ್ತು ದಿನ ಮುತ್ತಿತ್ತು. ಒಳಗಿದ್ದದ್ದು ಅರವತ್ತು ಬಂದೂಕು. ಏಣಿ ಹತ್ತಿದವರ ಮೇಲೆ ಹೆಂಗಸರು ಕುದಿವ ಅಂಬಲಿ ಸುರಿದರು. ರಾಗಿ ಮುಗಿಯಿತು, ಬಾವಿ ಬತ್ತಿತು. ದಿಡ್ಡಿ ಕಾಯುವ ಮನೆಯ ಸೊಸೆ ಮಗುವಿಗೆ ನೀರು ತರಲು ನಸುಕಿನಲ್ಲಿ ಅಗುಳಿ ತೆಗೆದಳು.

"ತಲೆಮೇಲೆ ಕೊಡ ಇಟ್ಕಂಡು ರಾಣಿ ಹಂಗೆ ಹೋದ್ಲು ಕಣೇ. ಅವಳ ಹಿಂದೇನೇ ದಂಡು ಒಳಗೆ ನುಗ್ತು."

"ಈ ಬಾಗ್ಲಲ್ಲಿ ತಲೆಮೇಲೆ ಕೊಡ ಹೆಂಗಜ್ಜಿ?"

"ಕತೇಲಿ ಬಾಗ್ಲು ದೊಡ್ದು, ಬುಡು," ಎಂದು ಅಜ್ಜಿ ನಕ್ಕಿದ್ದಳು. ಐವತ್ತೆಂಟು ವರ್ಷ ಅವಳು ಕೊಡವನ್ನು ಸೊಂಟದಲ್ಲೇ ಹೊತ್ತು, ಬಗ್ಗಿ ಬಗ್ಗಿಯೇ ಕೆರೆಗೆ ಹೋಗಿ ಬಂದಿದ್ದಳು. "ನಮ್ಮಲ್ಲಿ ಸತ್ತೋರ್ನ ಕೂರ್ಸಿ ಒಯ್ತಾರಲ್ಲ, ಅವತ್ತೊಂದಿನ ನೆಟ್ಟಗೆ ದಾಟ್ತೀನಿ, ನೋಡ್ತಿರು."

\*

ನಂಜುಂಡಪ್ಪನ ಕೈ ಪಂಚೆಯ ಗಂಟಿಗೆ ಹೋಗಿತ್ತು. ಸರ್ವಮಂಗಳ ಒಳಗೆ ಓಡಿ ಗುದ್ದಲಿ ತಂದಳು.

"ಬಾಗ್ಲು ಒಡೀಬ್ಯಾಡ ಕಣವ್ವ!"

"ಒಡೆಯಲ್ಲ ತಾತ. ನೆಲ ಅಗೀತೀನಿ. ಕತೇಲಿ ಆ ಸೊಸೆ ತಲೆಮೇಲೆ ಕೊಡ ಹೊತ್ಕಂಡು ಹೋಗಿದ್ಲು."

"ಹುಚ್ಚು ಹಿಡೀತಾ ಇದಕ್ಕೆ?" ಎಂದರು ಯಾರೋ. ಕರಗಿದ ಗೋಡೆಯ ಕೆಂಪುಮಣ್ಣು ಹೆಂಟೆಹೆಂಟೆಯಾಗಿ ಎದ್ದಿತು. ಮೊಳಕೈ ಆಳಕ್ಕೆ ಗುದ್ದಲಿ ಠಣ್ಣೆಂದಿತು. ಕಲ್ಲು. ಸವೆದು ನಡುವೆ ತಗ್ಗಾದ ಮೆಟ್ಟಿಲು. ತೋಂಟದಾರ್ಯ ಅಂಗಿ ಬಿಚ್ಚಿಟ್ಟು ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ. ಅದರ ಕೆಳಗೆ ಇನ್ನೊಂದು. ಮತ್ತೊಂದು.

"ಮಣ್ಣು ಏರಿತ್ತೇನ್ಲಾ ಇದು..." ನಂಜುಂಡಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಹೊತ್ತು ವಾಲುವಾಗ ವಿಮಾನ ಮೂರು ಮೆಟ್ಟಿಲಿಳಿಯಿತು. ಶಿವರುದ್ರಮ್ಮ ಮೇಲುಗಲ್ಲಿನ ಕೆಳಗೆ ನೆಟ್ಟಗೆ ಕೂತೇ ದಾಟಿದಳು. ಬಿದಿರಿಗೂ ಕಲ್ಲಿಗೂ ನಡುವೆ ಗೇಣು ಜಾಗವಿತ್ತು.

ಹಿಂದೆಯೇ ಸರ್ವಮಂಗಳ ಇಳಿದಳು. ಕೈಯೆಲ್ಲ ಕೆಂಪುಮಣ್ಣು. ಬಾಗಿಲು ಬರುತ್ತಲೇ ಎಂದಿನ ರೂಢಿಯಂತೆ ಎಡಗೈಯನ್ನು ನೆತ್ತಿಯ ಮೇಲಿಟ್ಟು, ನಡು ಬಗ್ಗಿಸಿ, ಆಚೆ ದಾಟಿದಳು.