ಮಾತ್ರೆ ಮುಟ್ಟದ ಮಹಾರಾಯ

ನೋವಿನ ಮಾತ್ರೆ ನುಂಗುವವರೆಲ್ಲ ಹೇಡಿಗಳು ಎಂಬುದು ಸೋಫಾ ಮಾಡುವವನ ಸಿದ್ಧಾಂತ. ತಲೆನೋವೆಂದು ಹೆಂಡತಿ ಅರ್ಧ ಮಾತ್ರೆ ತೆಗೆದುಕೊಂಡರೂ ಸಾಕು, ಮಹಾರಾಯ ಗಿರಾಕಿಗಳೆದುರೇ ಹಂಗಿಸುತ್ತಿದ್ದ. ಅಂಗಡಿಯಲ್ಲಿ ಅವಳು ಹೊದಿಕೆ ಹೊಲಿಯುತ್ತಿದ್ದಳು, ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಚೌಕಟ್ಟಿಗೆ ಬಡಿಯುತ್ತಿದ್ದ. ಆ ಬಾಯಲ್ಲಿ ಮೊಳೆ ಇದ್ದಷ್ಟು ಹೊತ್ತೇ ಅವಳಿಗೆ ನೆಮ್ಮದಿ.

ಆ ಮಧ್ಯಾಹ್ನ ಅವನು ಸಿಡುಕಿದ. "ಆ ಮೆಷಿನ್ ನಿಲ್ಲಿಸೇ, ಕಿವಿ ಗುಂಯ್ ಅಂತಿದೆ."

ಮೆಷಿನ್ ನಿಂತು ಬಹಳ ಹೊತ್ತಾಗಿತ್ತು. ಅವಳು ಊಟದ ಡಬ್ಬಿ ಬಿಚ್ಚುತ್ತಿದ್ದಳು.

"ನಿಮಗೆಲ್ಲೋ ಅರಳುಮರಳು" ಎನ್ನುವಷ್ಟರಲ್ಲಿ ಅವನು ತೂರಾಡಿ ಕುಸಿದು ಕೂತು ವಾಂತಿ ಮಾಡಿದ. ಕಾಫಿ ಗಸಿಯಂತೆ ಕಪ್ಪಗಿತ್ತು. ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಏನಾದ್ರೂ ಮಾತ್ರೆ ತಗೊಂಡಿದಾರಾ?" ಎಂದಳು ಫೋನಿನವಳು.

"ಇವರಾ? ಮಾತ್ರೆ ಮುಟ್ಟೋ ಪೈಕಿನೇ ಅಲ್ಲಮ್ಮ."

ಹಾಗೆನ್ನುತ್ತಲೇ ಅವನನ್ನು ಮಲಗಿಸಿ, ಅವನೀಗಷ್ಟೇ ತುಂಬಿ ಮುಗಿಸಿದ್ದ ಸೋಫಾ ದಿಂಬನ್ನು ಅವನ ತಲೆಯಡಿ ಇಟ್ಟಳು. ದಿಂಬು ಚರಚರ ಎಂದಿತು. ಸ್ಪಂಜು ಯಾವತ್ತೂ ಹಾಗನ್ನುವುದಿಲ್ಲ. ಗಂಡನ ಮುಖ ನೋಡಿದರೆ ಹಾಲು ಕದ್ದ ಬೆಕ್ಕು.

ಅವಳು ಕತ್ತರಿ ಎತ್ತಿಕೊಂಡಳು.

"ಬೇಡ್ವೇ! ನಾಳೆ ಕೊಡಬೇಕು ಅದನ್ನ."

"ನಾಳೆ ನಿಮ್ಮನ್ನೇ ಮಣ್ಣಿಗೆ ಕೊಡೋ ಹಾಗಾಗುತ್ತೆ, ಸುಮ್ನಿರಿ!"

ಸರ್ರನೆ ಸೀಳಿದಳು. ಒಳಗಿಂದ ಮೂರು ಬಣ್ಣದ ಖಾಲಿ ಮಾತ್ರೆ ಪಟ್ಟಿಗಳು ಉದುರಿದವು. ಹಲ್ಲಿನ ಡಾಕ್ಟರ್ ಕೊಟ್ಟದ್ದು ಹಲ್ಲಿಗೆ, ಬೆನ್ನಿನ ಡಾಕ್ಟರದ್ದು ಬೆನ್ನಿಗೆ, ಔಷಧಿ ಅಂಗಡಿಯದ್ದು ಬೆರಳಿಗೆ ಹೋಗುತ್ತೆ ಎಂಬುದು ಅವನ ಲೆಕ್ಕ. ಅವಳು ಹೆಸರು ಓದಿ ಹೇಳಿದಳು.

"ಅಯ್ಯೋ, ಮೂರೂ ಒಂದೇ ಥರದ ನೋವಿನ ಮಾತ್ರೆಗಳು! ಹೊಟ್ಟೆ ಹುಣ್ಣಾಗಿ ರಕ್ತ ಸೋರ್ತಿರಬೇಕು." ಎಂದಳು ಫೋನಿನವಳು. "ವಾಂತಿ ಮಾಡಿಸೋಕೆ ಹೋಗಬೇಡಿ. ಹಾಲು ಗೀಲು ಏನೂ ಕುಡಿಸಬೇಡಿ. ಮಗ್ಗುಲಾಗಿ ಮಲಗಿಸಿ, ಪಟ್ಟಿಗಳನ್ನ ಜೊತೆಗೆ ತನ್ನಿ. ಗಾಡಿ ಹೊರಟಿದೆ."

"ಬೆರಳು ಮಡಚೋಕೇ ಆಗ್ತಿಲ್ಲ ಕಣೇ" ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ನಿಂಗೆ ಗೊತ್ತಾಗಿದ್ರೆ ನೀನು ಅಂಗಡೀನೇ ಮುಚ್ಚಿಸಿಬಿಡ್ತಿದ್ದೆ."

ಅವಳಿಗೆ ಅವನನ್ನು ಅಲ್ಲೇ ಬಡಿದುಹಾಕುವಷ್ಟು ಸಿಟ್ಟು ಬಂತು. ಸತ್ತೇ ಹೋದಾನೆಂಬ ಭಯ ಅದಕ್ಕಿಂತ ದೊಡ್ಡದಿತ್ತು.

"ಎಷ್ಟು ದಿನದಿಂದ ಹೀಗೆ ತಗೊಳ್ತಿದಾರೆ, ಕೇಳಿ" ಎಂದಳು ಫೋನಿನವಳು. "ಕಿಡ್ನಿಗೂ ಏಟು ಬಿದ್ದಿರಬಹುದು."

ಅವಳು ಕೇಳಿದಳು. ಅವನು ಕಣ್ಣು ತೆರೆದು ಸೀಳಿದ ದಿಂಬನ್ನು ನೋಡಿದ.

"ಮಗಳ ಮನೆಗೆ ಮಾಡಿಕೊಟ್ಟೆನಲ್ಲ, ಆ ಸೋಫಾದಲ್ಲೂ ಇವೆ."

ಮಗಳ ಮನೆಗೆ ಹೋದಾಗಲೆಲ್ಲ ಅವಳು ಕೂರುತ್ತಿದ್ದದ್ದು ಅದರ ಮೇಲೇ.

"ಎರಡು ವರ್ಷದಿಂದಮ್ಮ" ಎಂದಳು ಫೋನಿಗೆ, ಆ ಸೋಫಾ ಕೊಟ್ಟ ದಿನದಿಂದ ಲೆಕ್ಕ ಹಾಕಿ. "ನಾನು ಪಕ್ಕದಲ್ಲೇ ಇದ್ದೆ."