ಖಾಲಿ ತಟ್ಟೆಯ ತೂಕ

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಬಚ್ಚಲುಮನೆಯ ಕಿಟಕಿಯ ಬೆಳಕಿಗೆ ಹಿಡಿದ ಬಸುರು ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ್ದವು. ಆರು ವರ್ಷ ದಾರಿ ಕಾದ ಗೆರೆಗಳು. ಸೊಸೆ ಅದನ್ನು ಮೂರು ಸಲ ತಿರುಗಿಸಿ ನೋಡಿದಳು. ಆಮೇಲೆ ಕಪಾಟಿನಲ್ಲಿದ್ದ ಮಾತ್ರೆಯ ಹಾಳೆಯನ್ನು ಹಳೇ ಬಟ್ಟೆಗಳ ಅಡಿಗೆ ತಳ್ಳಿಬಿಟ್ಟಳು.

ಅವು ಖಿನ್ನತೆಗೆ ಡಾಕ್ಟರು ಕೊಟ್ಟ ಮಾತ್ರೆಗಳು. ಎರಡು ವರ್ಷದ ಹಿಂದೆ ಅವಳು ಹಾಸಿಗೆ ಬಿಟ್ಟೇಳಲಾರದೆ, ತಲೆ ಬಾಚಲಾರದೆ ತಿಂಗಳುಗಟ್ಟಲೆ ಕಳೆದಿದ್ದಳು. ಆ ಮಾತ್ರೆಗಳೇ ಅವಳನ್ನು ಮತ್ತೆ ಅಂಗಡಿಗೆ ತಂದು ಕೂರಿಸಿದ್ದವು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ತಕ್ಕಡಿ ರಿಪೇರಿ. ಕೆಲಸ ಕಲಿಸಿದವಳು ಅತ್ತೆ. ಬೀದಿಯವರು ಆಕೆಯನ್ನು ಗ್ರಾಂ ಅಜ್ಜಿ ಎಂದೇ ಕರೆಯುತ್ತಿದ್ದರು. ಅರ್ಧ ಗ್ರಾಂ ಹೆಚ್ಚುಕಮ್ಮಿಯಾದರೂ ಆಕೆಗೆ ಅನ್ನ ಇಳಿಯದು.

ಮಾತ್ರೆ ಬಿಟ್ಟ ಸುದ್ದಿ ಕೇಳಿ ಅಜ್ಜಿಗೆ ಸಮಾಧಾನವಾಯಿತು. "ಒಳಗೊಂದು ಜೀವ ಇರೋವಾಗ ಆ ವಿಷ ಯಾಕಮ್ಮ? ಒಳ್ಳೇ ಕೆಲಸ ಮಾಡ್ದೆ," ಎಂದಳು. ಲಾರಿ ಓಡಿಸುವ ಗಂಡ ದೂರದಿಂದ ಫೋನಿನಲ್ಲಿ ಹೂಂಗುಟ್ಟಿದ.

ಮೊದಮೊದಲು ತಲೆಸುತ್ತು. ತಲೆಯೊಳಗೆ ಕರೆಂಟು ಹೊಡೆದಂತೆ ಜುಮ್ಮೆನ್ನುತ್ತಿತ್ತು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು. ಮಾತ್ರೆ ಬಿಟ್ಟ ಐದನೆಯ ವಾರಕ್ಕೆ ಹಳೆಯ ಕತ್ತಲು ಹೊಸ್ತಿಲಿಗೇ ಬಂದು ಕೂತಿತು. ತಕ್ಕಡಿಯ ಕಬ್ಬಿಣಕ್ಕೆ ಅರ ಉಜ್ಜುವಾಗ ಅವಳು ಗುನುಗುತ್ತಿದ್ದ ಪದವಿಲ್ಲದ ಒಂದು ರಾಗವಿತ್ತು, ಅದು ನಿಂತುಹೋಯಿತು. ಆರು ವರ್ಷ ಮಗುವಿಗಾಗಿ ಹಂಬಲಿಸಿದವಳಿಗೆ ಈಗ ಆ ಹಂಬಲವೇ ಕೈಗೆ ಸಿಗುತ್ತಿರಲಿಲ್ಲ. ಪರಸ್ಥಳಕ್ಕೆ ಹೋದವರ ದಾರಿ ನೋಡುವ ಹಾಗೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆ ಹಂಬಲ ಮರಳಿ ಬಂದೀತೆಂದು ಕಾಯುತ್ತಿದ್ದಳು.

ಒಂದು ದಿನ ಹೆರಿಗೆ ಆಸ್ಪತ್ರೆಯ ನರ್ಸಕ್ಕ ಕೂಸು ತೂಗುವ ತಕ್ಕಡಿ ಹೊತ್ತು ತಂದಳು. ಸೊಸೆ ತಟ್ಟೆಯ ಮೇಲೆ ಎರಡು ಕಿಲೋ ಕಲ್ಲಿಟ್ಟು, ಅರವತ್ತು ಗ್ರಾಂ ತಪ್ಪು ತೋರಿಸುತ್ತಿದೆ ಎಂದು ಅರ ಕೈಗೆತ್ತಿಕೊಂಡಳು.

"ಖಾಲಿ ತಟ್ಟೆ ನೋಡ್ಕೊಂಡ್ಯಾ?" ಎಂದಳು ಅಜ್ಜಿ.

ಏನೂ ಇಡದಿದ್ದಾಗ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿರಲಿಲ್ಲ.

"ಖಾಲಿ ತಟ್ಟೆಗೂ ತೂಕ ಇರುತ್ತೆ ಅಂತ ಮೊದಲನೇ ದಿನಾನೇ ಹೇಳ್ಕೊಟ್ಟಿದ್ನಲ್ಲೇ."

ಸೊಸೆ ಅರವನ್ನು ಕೆಳಗಿಟ್ಟಳು. ಸದ್ದಿಲ್ಲದೆ ಕಣ್ಣೀರು ಇಳಿಯಿತು. ನರ್ಸಕ್ಕ ಮೆಲ್ಲಗೆ ಕೆದಕಿದಾಗ ಎಲ್ಲವೂ ಹೊರಬಂತು. ಹಳೇ ಬಟ್ಟೆಯಡಿಯ ಹಾಳೆಯೂ, ಬದುಕೇ ಬೇಡವೆನಿಸಿದ ಒಂದು ಮಧ್ಯಾಹ್ನವೂ.

ನರ್ಸಕ್ಕ ಅಜ್ಜಿಯ ಕಡೆ ತಿರುಗಿದಳು. "ಮಾತ್ರೆ ತೆಗೆದ ಮೇಲೆ ತಟ್ಟೆ ಖಾಲಿ ಆಯ್ತು ಅಂದ್ಕೊಂಡ್ರಿ. ಅಲ್ಲಿ ಕಾಯಿಲೆ ಕೂತಿದೆ ಅಜ್ಜಿ. ಅದನ್ನ ಯಾರೂ ತೂಗಲಿಲ್ಲ."

ತಾಯಿ ಉಣ್ಣದೆ, ಮಲಗದೆ ಕೊರಗಿದರೆ ಮಗುವಿಗೂ ತಟ್ಟೀತು, ಅವಧಿಗೆ ಮುಂಚೆ ಹೆರಿಗೆಯಾಗಬಹುದು, ಕೂಸಿನ ತೂಕ ಕಡಿಮೆಯಾಗಬಹುದು ಎಂದು ವಿವರಿಸಿದಳು. ಥಟ್ಟನೆ ನಿಲ್ಲಿಸಿದ್ದಕ್ಕೇ ತಲೆ ಜುಮ್ಮೆಂದಿದ್ದು ಎಂದೂ ಹೇಳಿದಳು.

ಅಜ್ಜಿ ಸುಲಭಕ್ಕೆ ಬಗ್ಗುವವಳಲ್ಲ. "ಮಾತ್ರೆಯಿಂದ ಮಗೂಗೆ ಏನೂ ಆಗಲ್ಲ ಅಂತ ಬರ್ಕೊಡ್ತೀಯಾ?"

"ಬರ್ಕೊಡಲ್ಲ. ನೀವು ಯಾವ ತಕ್ಕಡೀಗಾದ್ರೂ ಕೂದಲೆಳೆಯಷ್ಟೂ ತಪ್ಪಿಲ್ಲ ಅಂತ ಬರ್ಕೊಡ್ತೀರಾ? ತಪ್ಪು ಇಷ್ಟರೊಳಗೇ ಇದೆ ಅಂತೀರಿ, ಅಷ್ಟೇ ಅಲ್ವಾ? ಡಾಕ್ಟ್ರೂ ಎರಡೂ ಕಡೆ ತೂಗಿ ಹಾಗೇ ಹೇಳ್ತಾರೆ."

ಅಜ್ಜಿ ತಟ್ಟೆಯ ಮೇಲಿದ್ದ ಕಲ್ಲನ್ನು ಎತ್ತಿ ಕೆಳಗಿಟ್ಟಳು. ಆಮೇಲೆ ಸೊಸೆಗೆ ಮಾತ್ರ ಕೇಳುವಂತೆ, "ನಿನ್ನ ಗುನುಗು ಇಲ್ದೆ ಅಂಗಡಿ ಬಿಕೋ ಅಂತಿದೆ ಕಣೇ. ನಡಿ, ನಾನೂ ಬರ್ತೀನಿ," ಎಂದಳು. ಬಾಗಿಲಿಗೆ ಬೀಗ ಹಾಕಿ ಅಂದೇ ಇಬ್ಬರೂ ಹೊರಟರು.

ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ಓದಿ ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು. ವಾರಕ್ಕೊಮ್ಮೆ ಆಪ್ತ ಸಮಾಲೋಚಕಿಯ ಬಳಿ ಮಾತಾಡಲು ಹೇಳಿದರು. ಹುಟ್ಟಿದ ಮೇಲೆ ಕೂಸು ಕೆಲವು ದಿನ ನಡುಗಬಹುದು, ಉಸಿರಾಟದಲ್ಲಿ, ಹಾಲು ಕುಡಿಯುವುದರಲ್ಲಿ ತೊಂದರೆಯಾಗಬಹುದು, ಅದಕ್ಕೆ ಆಸ್ಪತ್ರೆಯಲ್ಲೇ ಕಣ್ಣಿಟ್ಟು ನೋಡುತ್ತೇವೆ ಎಂದೂ ಮುಚ್ಚುಮರೆಯಿಲ್ಲದೆ ತಿಳಿಸಿದರು.

ಆರು ವಾರ ಕಳೆಯಿತು. ಒಂದು ಬೆಳಿಗ್ಗೆ ಅರದ ಸದ್ದಿನ ಅಡಿಯಿಂದ ಆ ರಾಗ ಮೆಲ್ಲಗೆ ಎದ್ದಿತು. ಅಜ್ಜಿ ಓಡುತ್ತಿದ್ದ ರೇಡಿಯೊ ಆರಿಸಿದಳು, ಅಷ್ಟೇ.

ನವೆಂಬರ್ ಏಳರಂದು ಹೆಣ್ಣುಮಗು ಹುಟ್ಟಿತು. ಒಂದು ದಿನ ಕೈಕಾಲು ತುಸು ನಡುಗಿ ತಾನಾಗಿಯೇ ಸರಿಹೋಯಿತು. ಕೂಸನ್ನು ತೂಗಲು ನರ್ಸಕ್ಕ ಎತ್ತಿಕೊಂಡಾಗ ಅಜ್ಜಿ ಅಡ್ಡ ನಿಂತಿದ್ದಳು: "ಖಾಲಿ ತಟ್ಟೆ ನೋಡ್ಕೊಂಡ್ಯಾ?"

ಅಕ್ಕತಂಗಿಯರೇ, ನೀವು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮಗು ಬೇಕೆನಿಸಿದಾಗಲೇ ಡಾಕ್ಟರಿಗೆ ಹೇಳಿ. ಈಗಾಗಲೇ ಬಸುರಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಶುರು ಮಾಡಲೂಬೇಡಿ. ಕೆಲವರಿಗೆ ಮಾತ್ರೆ ಬದಲಿಸುತ್ತಾರೆ, ಕೆಲವರಿಗೆ ಮಾತುಕತೆಯೇ ಸಾಕಾಗುತ್ತದೆ. ಅದನ್ನು ಪರೀಕ್ಷಿಸಿಯೇ ತೀರ್ಮಾನಿಸಬೇಕು. ಬಾಣಂತನದಲ್ಲೂ, ಎದೆಹಾಲು ಕುಡಿಸುವಾಗಲೂ ಕೇಳಿಯೇ ಮುಂದುವರಿಯಿರಿ. ಬದುಕು ಬೇಡವೆನಿಸಿದರೆ ಆ ಕ್ಷಣವೇ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. ಮನೆಯವರೇ, ಬೇಡ ಅನ್ನುವ ಮುಂಚೆ ಎರಡೂ ಕಡೆ ತೂಗಿ ನೋಡಿ.

ಅಂದ ಹಾಗೆ, ಕೂಸಿನ ತೂಕ: ಎರಡು ಕಿಲೋ ಎಂಟುನೂರ ನಲವತ್ತು ಗ್ರಾಂ.